ಮೇಲಿನ ಒಂದು ಮೊಳ ಮಣ್ಣು

ಜನವರಿ 9
ಹೊಳೆದಂಡೆಯ ಶೆಡ್ಡಿನಿಂದ

ಅಕ್ಕಾ,

ಬಂದ ದಿನವೇ ಒಂದು ಬೂಟು ನೆಲದ ಪಾಲಾಯಿತು. ಎಳೆದೆ; ಕಾಲು ಬಂತು, ಬೂಟು ಬರಲಿಲ್ಲ. ಇಲ್ಲಿಯದು ಕಪ್ಪು ಜೇಡಿಮಣ್ಣು. ಒದ್ದೆಯಾದರೆ ಹಿಡಿದದ್ದನ್ನು ಬಿಡುವುದಿಲ್ಲ, ಒಣಗಿದರೆ ಕೈ ತೂರುವಷ್ಟು ಬಿರುಕು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ನನಗೆ ಬಾಯಿಯೂ ಕೆಸರೇ ಆಗಿದೆ.

ಸೇತುವೆ ಕಟ್ಟುವವರು ಬರುವ ಮುಂಚೆ ನಾವು ಕೊರೆದು ಮುಗಿಸಬೇಕು. ಒಳಗಿನ ಮಣ್ಣನ್ನು ಉದ್ದುದ್ದ ಪೆಟ್ಟಿಗೆಗಳಲ್ಲಿ ಜೋಡಿಸಿ, ಇದು ಇಷ್ಟು ಭಾರ ಹೊರುತ್ತದೆ ಅಂತ ಬರೆದುಕೊಟ್ಟು ಮುಂದಿನ ಊರಿಗೆ ಓಡಬೇಕು. ನೀನು ನಿನ್ನ ಗಿರಾಕಿಗಳಿಗೆ "ನನ್ನ ತಂಗಿ ಭೂಮಿಗೆ ಇಂಜೆಕ್ಷನ್ ಚುಚ್ಚೋ ಡಾಕ್ಟ್ರು" ಅನ್ನುತ್ತೀಯಂತೆ. ಕಡ್ಡಿ ಬರೆದಿದ್ದಳು.

ನಿನ್ನ ನರ್ಸರಿಗೆ ಕುಂಡ ತರುವ ಲಾರಿಯವನ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದ್ದೇನೆ. ಎಲ್ಲಿಗೆ ಹೋದರೂ ಅಲ್ಲಿಯ ಒಂದು ಹಿಡಿ ಮಣ್ಣು ಕಳಿಸಬೇಕು ಎಂಬುದು ನನ್ನ ಮಗಳು ಕಡ್ಡಿಯ ಕಟ್ಟಪ್ಪಣೆಯಲ್ಲವೇ? ನನ್ನ ಮುಖ ಮರೆತರೂ ಮರೆತಾಳು, ಪೊಟ್ಟಣ ಮರೆಯುವವಳಲ್ಲ.

ಇನ್ನೊಂದು ಮಾತು. ಈ ಸಲ ಬೇಸಿಗೆ ರಜೆಗೆ ಅವಳನ್ನು ನನ್ನ ಹತ್ತಿರ ಕರೆದುಕೊಂಡುಬಿಡುತ್ತೇನೆ, ಖಾಯಂ ಆಗಿ. ಹೋದ ವರ್ಷವೂ ಇದನ್ನೇ ಹೇಳಿದ್ದೆ, ಗೊತ್ತು. ಅವಳ ಅಪ್ಪ ತೀರಿಕೊಂಡಾಗ "ಒಂದೆರಡು ತಿಂಗಳು ಇಟ್ಕೊಂಡಿರು ಅಕ್ಕಾ" ಅಂತ ಮೂರು ವರ್ಷದ ಕೂಸನ್ನು ನಿನ್ನ ಮಡಿಲಿಗೆ ಹಾಕಿ ಹೊರಟೆ. ಈಗ ಅವಳಿಗೆ ಒಂಬತ್ತು. ಈ ಸಲ ಹಾಗಾಗುವುದಿಲ್ಲ.

ಹೊರಗೆ ಹಾರನ್ ಹೊಡೆಯುತ್ತಿದ್ದಾರೆ. ಬರುತ್ತೇನೆ.

ನಿನ್ನ
ಬುಗುರಿ

*

ಜನವರಿ 27
ನರ್ಸರಿಯಿಂದ

ಬುಗುರಿ,

ಒಂದು ಕಡೆ ನಿಲ್ಲದವಳಿಗೆ ಅಪ್ಪ ಸರಿಯಾದ ಹೆಸರನ್ನೇ ಇಟ್ಟರು. ನಿನ್ನ ಕಾಗದದಲ್ಲೂ ಕೊನೆಯ ಸಾಲು ಓಡುತ್ತಿದೆ.

ಪೊಟ್ಟಣ ತಲುಪಿತು. ಒದ್ದೆ ಮಾಡಿ ಅಂಗೈಯಲ್ಲಿ ಹೊಸೆದೆ. ಬತ್ತಿ ಬಂತು, ಬತ್ತಿಯನ್ನು ಬಗ್ಗಿಸಿ ಉಂಗುರ ಮಾಡಿದರೂ ಒಡೆಯಲಿಲ್ಲ. ಅಪ್ಪಟ ಜೇಡಿ. ಹೊಟ್ಟೆಯ ತುಂಬ ಸಾರವಿದೆ, ಕೊಡುವ ಮನಸ್ಸಿಲ್ಲ. ನೀರು ನಿಂತರೆ ಇಳಿಯಬಿಡದು, ಬೇರಿಗೆ ಉಸಿರು ಕಟ್ಟುತ್ತದೆ. ಹತ್ತಿಗೆ ಆದೀತು. ಕಡ್ಡಿಗೆ ಬೇಕಾದದ್ದು ಒಂದೇ ಉತ್ತರ.

"ದೊಡ್ಡಮ್ಮ, ಇದ್ರಲ್ಲಿ ನನ್ನ ನಿಂಬೆ ಬರುತ್ತಾ?"

"ಬರಲ್ಲ ಕಣೇ. ಬೇರು ಕೊಳೆತುಹೋಗುತ್ತೆ."

"ಹಾಗಾದ್ರೆ ಅಮ್ಮಂಗೆ ಅಲ್ಲಿ ಮನೆ ಮಾಡ್ಬೇಡ ಅಂತ ಬರಿ."

ಹಿಂಡಿ ಬಿಸಾಡಿದ ನಿಂಬೆಯ ಬೀಜ ಬಿತ್ತಿದ್ದಳಲ್ಲ, ಆ ಗಿಡ ಈಗ ಅವಳ ಸೊಂಟದ ಎತ್ತರಕ್ಕೆ ಬಂದಿದೆ, ಹಳೆಯ ಬಕೆಟ್ಟಿನಲ್ಲಿ. ಅದನ್ನು ಬಿಟ್ಟು ತಾನು ಎಲ್ಲಿಗೂ ಬರುವವಳಲ್ಲವಂತೆ.

ಕಿಟಕಿಯ ಮೇಲೆ ನಿನ್ನ ಬಾಟಲಿಗಳ ಸಾಲು ಉದ್ದವಾಗುತ್ತಿದೆ. ಒಂದು ಹಿಡಿ ಮಣ್ಣು, ಮೇಲೆ ನೀರು, ಚೆನ್ನಾಗಿ ಅಲ್ಲಾಡಿಸಿ ಇಟ್ಟರೆ ಮರಳು ಕಣ್ಣೆದುರಿಗೇ ಕೆಳಗೆ ಕೂರುತ್ತದೆ, ಅದರ ಮೇಲೆ ಮೆಕ್ಕಲು, ಎಲ್ಲಕ್ಕಿಂತ ಕೊನೆಗೆ ಜೇಡಿ. ಜೇಡಿ ಇಳಿದು ನೀರು ತಿಳಿಯಾಗಬೇಕಾದರೆ ಯಾರೂ ಮುಟ್ಟಬಾರದು. ಇವಳು ಬಿಟ್ಟರೆ ತಾನೆ! ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಅಲ್ಲಾಡಿಸುತ್ತಾಳೆ. ಬೈದರೆ ಏನಂದಳು ಗೊತ್ತೇ? "ಬಾಟ್ಲಿ ಅಲ್ಲಾಡಿಸಿದ್ರೆ ಅಮ್ಮ ಇರೋ ಕಡೆ ಗಾಳಿ ಬೀಸುತ್ತೆ ದೊಡ್ಡಮ್ಮ. ಆಗ ಅಮ್ಮಂಗೆ ನನ್ನ ನೆನಪಾಗುತ್ತೆ."

ರಜೆಯ ವಿಷಯ ರಜೆ ಬಂದಾಗ ನೋಡೋಣ. ಸದ್ಯಕ್ಕೆ ಗುಲಾಬಿಗೆ ಹೇನು ಹತ್ತಿದೆ.

ಅಕ್ಕ

*

ಮಾರ್ಚ್ 3
ಕಡಲ ಪಕ್ಕದಿಂದ

ಅಕ್ಕಾ,

ಬಾಟಲಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕು. ಇಲ್ಲಿ ಗಾಳಿ ನಿಂತೇ ಇಲ್ಲ. ಹಾಸಿಗೆಯಲ್ಲಿ ಮರಳು, ತಟ್ಟೆಯಲ್ಲಿ ಮರಳು, ಬಾಚಣಿಗೆಯಲ್ಲಿ ಮರಳು. ಕೊರೆದ ಗುಂಡಿ ನಾವು ತಿರುಗಿ ನೋಡುವಷ್ಟರಲ್ಲಿ ಕುಸಿದು ಮುಚ್ಚಿಕೊಳ್ಳುತ್ತದೆ. ನಿನ್ನೆ ಪೂರ್ತಿ ಮಾಡಿದ ಕೆಲಸ ಇವತ್ತು ಬೆಳಗ್ಗೆ ಇರಲಿಲ್ಲ.

ನನಗೇನೋ ಆಗಿದೆ. ಮೊದಲೆಲ್ಲ ಹೊಸ ಊರು ಅಂದರೆ ಕಾಲು ತಾನಾಗಿ ಓಡುತ್ತಿತ್ತು. ಈಗ ಕೂತರೆ ಎದ್ದೇಳಬೇಕು, ಎದ್ದರೆ ಕೂರಬೇಕು. ಬಾಡಿಗೆ ಕೋಣೆಯಲ್ಲಿ ಮಂಚವನ್ನು ಮೂರು ಸಲ ಜಾಗ ಬದಲಿಸಿದೆ. ಓನರಮ್ಮ ಬಂದು "ಏನಮ್ಮಾ, ದಿನಾ ಮನೆ ಖಾಲಿ ಮಾಡ್ತೀಯಾ?" ಅಂದರು.

ಕೇಳು. ನಮ್ಮ ಕಂಪನಿ ಒಂದು ಊರಿನಲ್ಲಿ ಲ್ಯಾಬ್ ತೆಗೆಯುತ್ತಿದೆ. ಬೇರೆಯವರು ಕೊರೆದು ತಂದ ಮಣ್ಣನ್ನು ಅಲ್ಲಿ ಕೂತು ಪರೀಕ್ಷಿಸುವ ಕೆಲಸ. ನನಗೆ ಕೊಡಿ ಅಂತ ಕೇಳಿದೆ. ಸಾಹೇಬರು ಕನ್ನಡಕ ತೆಗೆದು ನೋಡಿ, "ಕೂತು ಮಾಡೋ ಕೆಲ್ಸ ಮೇಡಂ. ನಿಮ್ ಕೈಲಾಗುತ್ತಾ?" ಅಂದರು. ಆಗುತ್ತದೆ ಅಂದೆ. ಆಗುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ. ಹೆದರಿಕೆಯಾಗುತ್ತಿದೆ ಅಕ್ಕಾ. ಅವಳು ಬಂದ ಮೇಲೆ ನನ್ನ ಕಾಲು ಮತ್ತೆ ತುರಿಸಿದರೆ?

ಬುಗುರಿ

*

ಮಾರ್ಚ್ 20
ನರ್ಸರಿಯಿಂದ

ಬುಗುರಿ,

ನಿನ್ನ ಮರಳು ಅಂಗೈಯಲ್ಲಿ ನಿಲ್ಲಲೇ ಇಲ್ಲ. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪು. ಕಡ್ಡಿ ತಾನೂ ನೆಕ್ಕಿ, ಮುಖ ಕಿವುಚಿ, "ಅಮ್ಮ ಅತ್ತಿರ್ಬೇಕು ಇದ್ರಲ್ಲಿ" ಅಂದಳು. ಕಡಲಿನ ಉಪ್ಪು ಕಣೇ ಅಂದೆ. ನಂಬಲಿಲ್ಲ.

ಮರಳು ನೆಲದ ಗುಣ ಒಳ್ಳೆಯದೇ. ಬೇರಿಗೆ ಗಾಳಿಯಾಡುತ್ತದೆ, ಬೇಗ ಬೆಚ್ಚಗಾಗುತ್ತದೆ, ಮೂಲಂಗಿ ಗಜ್ಜರಿ ನೆಟ್ಟಗೆ ಇಳಿಯುತ್ತವೆ. ಆದರೆ ಕೊಟ್ಟದ್ದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಕೊಡು, ಕೆಳಗೆ ಹೋಯಿತು. ಗೊಬ್ಬರ ಕೊಡು, ಅದೂ ನೀರಿನ ಹಿಂದೆಯೇ ಹೋಯಿತು. ದಿನಾ ಕೊಡುತ್ತಲೇ ಇರಬೇಕು, ಇಲ್ಲದಿದ್ದರೆ ಗಿಡ ಬಾಡುತ್ತದೆ.

ನೀನು ಕೇಳಿದ್ದಕ್ಕೆ ನನ್ನ ಕೆಲಸದ ಮಾತಿನಲ್ಲೇ ಹೇಳುತ್ತೇನೆ. ಮಣ್ಣು ಹೊಸದೆಂದು ಸತ್ತ ಗಿಡ ನಾನು ಹೆಚ್ಚು ನೋಡಿಲ್ಲ. ಬೇರು ಹಿಡಿಯುವ ಮುಂಚೆ ಮತ್ತೆ ಕಿತ್ತರೆ ಸಾಯುತ್ತದೆ. ಕಡ್ಡಿಗೆ ಎರಡು ವರ್ಷ "ಬರ್ತಾಳೆ, ಬರ್ತಾಳೆ" ಅಂದೆ. ಎರಡು ವರ್ಷವೂ ಅವಳು ಚೀಲ ಕಟ್ಟಿಕೊಂಡು ಗೇಟಿನ ಹತ್ತಿರ ಕೂತಳು. ನೀನು ಬರಲಾಗಲಿಲ್ಲ ಅಂತ ಬರೆದ ಕಾಗದ ಓದಿದವಳು ನಾನು, ಆ ಚೀಲ ಬಿಚ್ಚಿದವಳೂ ನಾನು.

ಅದಕ್ಕೇ ಈ ಸಲ ಮನೆ ಹಿಡಿದೆ ಅಂತ ಬಾಯಲ್ಲಿ ಹೇಳಬೇಡ. ಆ ಮನೆಯ ಹಿತ್ತಲಿನ ಮಣ್ಣು ಕಳಿಸು. ನೋಡಿ ಹೇಳುತ್ತೇನೆ.

ಅಕ್ಕ

*

ಏಪ್ರಿಲ್ 12
ನನ್ನ ಮನೆಯಿಂದ!

ಅಕ್ಕಾ,

ಮೇಲಿನ ಸಾಲನ್ನು ಕಡ್ಡಿಗೆ ಗಟ್ಟಿಯಾಗಿ ಓದಿ ಹೇಳು.

ಎರಡು ಕೋಣೆ. ಒಂದರ ಬಾಗಿಲು ಎತ್ತಿ ಹಾಕಿದರೆ ಮಾತ್ರ ಮುಚ್ಚುತ್ತದೆ. ಅಡುಗೆಮನೆಯ ಕಿಟಕಿಯಿಂದ ಶಾಲೆಯ ಗೋಡೆ ಕಾಣುತ್ತದೆ. ಗಂಟೆ ಹೊಡೆದ ಮೇಲೆ ಹೊರಟರೂ ಸಮಯಕ್ಕೆ ತಲುಪುತ್ತಾಳೆ. ಹಿಂದೆ ಹಿತ್ತಲಿದೆ. ಎರಡು ಹಾಸಿಗೆ ಹಾಸುವಷ್ಟು, ಹೆಚ್ಚಿಲ್ಲ, ಆದರೆ ಮಧ್ಯಾಹ್ನದವರೆಗೂ ಬಿಸಿಲು. ನಿಂಬೆಗೆ ಮೂಲೆಯ ಜಾಗ ಗೊತ್ತು ಮಾಡಿ ಒಂದು ಕಡ್ಡಿ ನೆಟ್ಟಿದ್ದೇನೆ. ಅವಳ ಹೆಸರಿನದೇ.

ಲ್ಯಾಬಿನ ಕುರ್ಚಿ ಇನ್ನೂ ಪಳಗಿಲ್ಲ, ದಿನಕ್ಕೆ ಹತ್ತು ಸಲ ಎದ್ದು ನೀರು ಕುಡಿಯುತ್ತೇನೆ. ಇರಲಿ.

ನೀನು ಕೇಳಿದ ಹಿತ್ತಲ ಮಣ್ಣು ಆಫೀಸಿನ ಗೇಟಿನಲ್ಲಿ ಲಾರಿಯವನಿಗೆ ಕೊಟ್ಟಿದ್ದೇನೆ. ಒಳ್ಳೆಯದನ್ನೇ ಆರಿಸಿ ಕಳಿಸಿದ್ದೇನೆ. ಮೇ ಮೊದಲ ವಾರ ಬರುತ್ತೇನೆ. ಈ ಸಲ ಚೀಲ ಬಿಚ್ಚಬೇಕಾಗಿಲ್ಲ.

ಬುಗುರಿ

*

ಏಪ್ರಿಲ್ 19

ತಂಗಿ,

ಪೊಟ್ಟಣ ಬಿಚ್ಚಿದೆ. ಕಡ್ಡಿ ಪಕ್ಕದಲ್ಲೇ ಕುಣಿಯುತ್ತಿದ್ದಳು.

ಇದು ಹಿತ್ತಲಿನ ಮಣ್ಣಲ್ಲ. ಹಿತ್ತಲ ಮಣ್ಣಿನಲ್ಲಿ ನಾರುಬೇರು ಇರುತ್ತದೆ, ಒಣಗಿದ ಎಲೆಯ ಚೂರಿರುತ್ತದೆ, ಇರುವೆಯಾದರೂ ಇರುತ್ತದೆ. ನೀರು ಚಿಮುಕಿಸಿದರೆ ವಾಸನೆ ಬರುತ್ತದೆ. ಇದಕ್ಕೆ ಯಾವ ವಾಸನೆಯೂ ಇಲ್ಲ. ಒಂದೇ ಬಣ್ಣದ ಹಳದಿ ಗಟ್ಟಿ, ಬೆಣ್ಣೆ ಕೊಯ್ದಂತೆ ನುಣ್ಣಗೆ, ಸುತ್ತ ನೀನು ನೆಲ ಕೊರೆಯುವ ಬೈರಿಗೆಯ ಗೆರೆ. ನಿನ್ನ ಪೆಟ್ಟಿಗೆಗಳಲ್ಲಿ ಇಂಥವನ್ನು ಬೇಕಾದಷ್ಟು ನೋಡಿದ್ದೇನೆ. ಇದು ಬೆಳಕು ಕಾಣದ ಆಳದ ಮಣ್ಣು. ಇದರಲ್ಲಿ ಜೀವವಿಲ್ಲ. ಲಾರಿಯವನನ್ನೂ ಕೇಳಿದೆ. "ಆಫೀಸ್ ಗೇಟಲ್ಲಿ ಕೊಟ್ರಮ್ಮ. ಮನೆ ಗಿನೆ ನಾನು ನೋಡಿಲ್ಲ" ಅಂದ.

ಮನೆ ಸಿಗಲಿಲ್ಲ ಅಂದಿದ್ದರೆ ನಾನೇನು ನುಂಗುತ್ತಿದ್ದೆನೇ? ಕಿಟಕಿ, ಬಾಗಿಲು, ಶಾಲೆಯ ಗಂಟೆ ಅಂತ ಕತೆ ಕಟ್ಟಿ, ಕೆಲಸದ ಪೆಟ್ಟಿಗೆಯಿಂದ ಒಂದು ತುಂಡು ಮುರಿದು ಕಳಿಸುವುದೇ? ಯಾರ ಕಣ್ಣಿಗೆ ಮಣ್ಣೆರಚುತ್ತೀ?

ಕಡ್ಡಿಗೆ ಹೇಳಿಬಿಟ್ಟೆ, ಅಮ್ಮ ಈ ಸಲವೂ ಬರುವುದಿಲ್ಲ ಅಂತ. ಗೇಟಿನ ಹತ್ತಿರ ಕೂತ ಮೇಲೆ ಹೇಳುವುದಕ್ಕಿಂತ ಈಗಲೇ ಹೇಳುವುದು ಮೇಲು.

ಅಕ್ಕ

*

ಏಪ್ರಿಲ್ 28

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ನಿಂಬೆ ಚೆನ್ನಾಗಿಲ್ಲ.

ನಿನ್ನ ಜೊತೆ ಬರಲು ನಾನು ಅದನ್ನು ಬಕೆಟ್ಟಿನಿಂದ ತೆಗೆದು, ಬಸ್ಸಿನಲ್ಲಿ ಭಾರ ಆಗಬಾರದು ಅಂತ ಬೇರಿನ ಮಣ್ಣೆಲ್ಲ ಉದುರಿಸಿ ಗೋಣಿಯಲ್ಲಿ ಸುತ್ತಿದ್ದೆ. ದೊಡ್ಡಮ್ಮ ನೀನು ಬರಲ್ಲ ಅಂದರು. ನನಗೆ ಸಿಟ್ಟು ಬಂತು. ಗಿಡವನ್ನು ಬಿಸಿಲಲ್ಲೇ ಬಿಟ್ಟೆ. ಎಲೆ ಎಲ್ಲ ಸುರುಳಿ ಆಯಿತು. ದೊಡ್ಡಮ್ಮ ನೋಡಿ ಓಡಿಬಂದು ನೀರಲ್ಲಿ ಅದ್ದಿ ಮತ್ತೆ ನೆಟ್ಟರು. ಎಲೆ ಉದುರುತ್ತಾ ಇದೆ. ದೊಡ್ಡಮ್ಮ ನನಗೆ ಬೈಯಲಿಲ್ಲ. ಮೂರು ದಿನದಿಂದ ಯಾರಿಗೂ ಬೈದಿಲ್ಲ. ಗಿರಾಕಿಗೂ ಬೈದಿಲ್ಲ. ನನಗೆ ಹೆದರಿಕೆ ಆಗಿದೆ.

ನಿನ್ನ ಹಳದಿ ಮಣ್ಣನ್ನೂ ಬಾಟಲಿಯಲ್ಲಿ ಹಾಕಿದ್ದೇನೆ. ಅಮ್ಮ, ಅದನ್ನು ಎಲ್ಲಿಂದ ತೆಗೆದೆ? ದೊಡ್ಡಮ್ಮ ಕೇಳಲ್ಲ, ಅದಕ್ಕೆ ನಾನು ಕೇಳುತ್ತಿದ್ದೇನೆ. ಇದನ್ನು ಲಾರಿ ಮಾಮನ ಹತ್ತಿರ ಕೊಡುತ್ತೇನೆ.

ಇತಿ ನಿನ್ನ ಮಗಳು
ಕಡ್ಡಿ

*

ಮೇ 2

ಅಕ್ಕಾ,

ನಿನ್ನ ಕಾಗದ ಓದಿ ಉತ್ತರ ಬರೆಯಬಾರದು ಅಂದುಕೊಂಡಿದ್ದೆ. ಕಡ್ಡಿಯ ಕಾಗದ ಬಂದ ಮೇಲೆ ಕೂರಲಾಗುತ್ತಿಲ್ಲ.

ಎಲ್ಲಿಂದ ತೆಗೆದೆ ಅಂತ ನನ್ನ ಮಗಳಿಗೆ ಕೇಳಬೇಕೆನ್ನಿಸಿತು, ನಿನಗೆ ಅನ್ನಿಸಲಿಲ್ಲ. ಹಿತ್ತಲಿನಿಂದಲೇ ತೆಗೆದೆ. ನಿಂಬೆಯ ಮೂಲೆಯಿಂದಲೇ. ಲ್ಯಾಬಿನಿಂದ ಕೈಬೈರಿಗೆ ಕೇಳಿ ತಂದು, ಭಾನುವಾರ ಬೆಳಗ್ಗೆ ಪೂರ್ತಿ, ತೋಳು ಸೇದುವವರೆಗೆ ತಿರುಗಿಸಿದೆ. ಮೇಲಿನ ಒಂದು ಮೊಳ ಕೆರೆದು ಎಸೆದೆ. ನಮ್ಮ ಕೆಲಸದಲ್ಲಿ ಮೇಲಿನದು ಕಸ ಅಕ್ಕಾ. ಎಲೆ, ಬೇರು, ಹುಳ ಇರುವ ಮಣ್ಣು ಕೊಳೆಯುತ್ತದೆ, ಕುಗ್ಗುತ್ತದೆ, ಅದರ ಮೇಲೆ ಯಾರೂ ಗೋಡೆ ಎಬ್ಬಿಸುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನದಿಂದ ನನಗೆ ಕಲಿಸಿದ್ದು ಅದನ್ನೇ: ಮೇಲಿನದನ್ನು ತೆಗೆದು ಹಾಕು, ಗಟ್ಟಿ ಸಿಗುವವರೆಗೂ ಹೋಗು. ಹೊಳೆದಂಡೆಯದು, ಕಡಲಿನದು ಕಾಲಡಿಯಿಂದ ಸುಮ್ಮನೆ ಬಾಚಿ ಕಟ್ಟಿದ್ದು, ನಾನು ಅಲ್ಲಿ ಇರುವವಳಲ್ಲವಲ್ಲ. ಇದು ಮನೆಯದು ಅಂತ ನಿನಗೆ ಅತ್ಯಂತ ಗಟ್ಟಿಯಾದದ್ದನ್ನು ಕಳಿಸಿದೆ. ಇದರ ಮೇಲೆ ನಾನು ನಿಲ್ಲಬಲ್ಲೆ ಅಂತ ತೋರಿಸಬೇಕಿತ್ತು.

ಆತುರಗಾರರಿಗೆ ಬುದ್ಧಿ ಮಟ್ಟ ಅಂತ ನನಗೇ ಹೇಳುತ್ತಿದ್ದೆಯಲ್ಲ, ಈ ಸಲ ಆತುರ ಯಾರದು? ಹೇಳಬಾರದ್ದನ್ನು ಹೇಳುತ್ತೇನೆ. ಆ ಮಣ್ಣು ಸತ್ತದ್ದಾಗಿರಲಿ ಅಂತ ನಿನಗೇ ಆಸೆಯಿತ್ತು.

ಬುಗುರಿ

*

ಮೇ 6

ಬುಗುರಿ,

ಹೌದು, ಇತ್ತು.

ಪೊಟ್ಟಣ ಬಿಚ್ಚಿ ಅದರಲ್ಲಿ ಬೇರಿಲ್ಲ ಅಂತ ಕಂಡಾಗ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಸಮಾಧಾನ. ಈ ವರ್ಷವೂ ಇಲ್ಲೇ ಇರುತ್ತಾಳೆ ಅಂದುಕೊಂಡೆ. ಸಿಟ್ಟು ಅದರ ಹಿಂದೆ ಬಂತು, ಸಮಾಧಾನವನ್ನು ಮುಚ್ಚುವುದಕ್ಕೆ. ಅವಳನ್ನು ಕೊಡುವುದಕ್ಕೆ ನನಗೆ ಇಷ್ಟವಿಲ್ಲ ಕಣೇ. ಆರು ವರ್ಷ ತಲೆ ಬಾಚಿದ್ದೇನೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅನ್ನುತ್ತಾರೆ. ನಾನು ಆಡಿದ ಮಾತೂ ಹಾಗೆಯೇ, ಹಿಂದಕ್ಕೆ ಬರುವುದಿಲ್ಲ. ಕಡ್ಡಿಯನ್ನು ಕೂರಿಸಿಕೊಂಡು, "ನಾನು ತಪ್ಪು ಹೇಳ್ದೆ ಕಣೇ, ಅಮ್ಮ ಬರ್ತಾಳೆ" ಅಂದೆ. ಅವಳು ನನ್ನ ಮುಖವನ್ನೇ ನೋಡಿ, "ನಿಜವಾಗ್ಲೂನಾ? ಅಥ್ವಾ ಹೋದ್ಸಲದ ಹಾಗೆ ಬರ್ತಾಳಾ?" ಅಂದಳು. ಅದಕ್ಕೆ ಉತ್ತರ ಕೊಡಬೇಕಾದವಳು ನೀನು.

ನಿಂಬೆಯ ಎಲ್ಲ ಎಲೆ ಉದುರಿತು. ಇವತ್ತು ಕಾಂಡವನ್ನು ಉಗುರಿನಿಂದ ಗೀರಿದೆ, ಒಳಗೆ ಹಸಿರಿದೆ. ಅವಳಿಗೆ ಕಲಿಸಿದೆ: ಗಿಡವನ್ನು ಬೇರೆ ಕಡೆ ಒಯ್ಯುವಾಗ ಬೇರಿನ ಮಣ್ಣು ಉದುರಿಸಬಾರದು, ಹೆಂಟೆ ಸಮೇತ ಎತ್ತಬೇಕು. ಭಾರವಾದರೂ ಸರಿ. ಹಳೆಯ ಮಣ್ಣು ಜೊತೆಗಿದ್ದರೆ ಹೊಸದನ್ನು ನಂಬುವುದಕ್ಕೆ ಬೇರಿಗೆ ಸಮಯ ಸಿಗುತ್ತದೆ.

ಕೆರೆದು ಎಸೆದೆಯಲ್ಲ, ಆ ಮೇಲಿನ ಒಂದು ಮೊಳ, ಅದನ್ನು ಹುಡುಕಿ ಗುಡ್ಡೆ ಹಾಕು. ನಿಂಬೆ ಬದುಕುವುದು ಅದರಲ್ಲೇ. ಕೆಳಗಿನ ಗಟ್ಟಿಯ ಮೇಲೆ ಮನೆ ನಿಲ್ಲುತ್ತದೆ, ಒಪ್ಪಿದೆ. ಎರಡೂ ಬೇಕು ಅಂತ ಇಟ್ಟುಕೋ.

ಬೇಗ ಬಾ. ನನ್ನ ಮನಸ್ಸು ಬದಲಾಗುವ ಮುಂಚೆ ಬಾ.

ಅಕ್ಕ

*

ಜುಲೈ 30
ಮನೆಯಿಂದ

ಅಕ್ಕಾ,

ಮೇ ತಿಂಗಳಲ್ಲಿ ನಾವಿಬ್ಬರೂ ಹೊರಟಾಗ ನೀನು ಗೇಟಿನ ಹತ್ತಿರ ನಿಲ್ಲದೆ ಒಳಗೆ ಹೋಗಿ ಕುಂಡ ತೊಳೆಯಲು ಕೂತೆಯಲ್ಲ, ಕಡ್ಡಿ ಅದನ್ನು ಇನ್ನೂ ಮರೆತಿಲ್ಲ. "ದೊಡ್ಡಮ್ಮ ಟಾಟಾ ಮಾಡ್ಲಿಲ್ಲ" ಅಂತ ದಿನಕ್ಕೊಮ್ಮೆ ಹೇಳುತ್ತಾಳೆ. ಏಕೆ ಅಂತ ನಾನು ಹೇಳಿಲ್ಲ.

ಬಂದು ಎರಡು ತಿಂಗಳಾದರೂ ಅವಳು ಚೀಲ ಬಿಚ್ಚಲಿಲ್ಲ. ಬಟ್ಟೆ ತೆಗೆಯುವುದು, ತೊಟ್ಟು ಒಗೆದು ಮತ್ತೆ ಅದರೊಳಗೇ ತುಂಬುವುದು. ಹಿತ್ತಲಿನ ಗುಂಡಿಗೆ ಇಬ್ಬರೂ ಸೇರಿ ಎಸೆದ ಮಣ್ಣು ಬಾಚಿ ತುಂಬಿ ನಿಂಬೆ ನೆಟ್ಟೆವು. ನೀನು ಹೇಳಿದಂತೆ ತರಕಾರಿ ಸಿಪ್ಪೆ, ಒಣ ಎಲೆ ಹಾಕಿ, ಸುತ್ತ ಹುರುಳಿ ಬಿತ್ತಿ, ಹೂ ಬಿಡುವ ಹೊತ್ತಿಗೆ ಗೊಬ್ಬರವಾಗಲಿ ಅಂತ ಮಣ್ಣಿಗೇ ತಿರುಗಿಸಿದೆವು. "ಬೆಳ್ಸಿ ಬೆಳ್ಸಿ ಮುಚ್ಚೋದಾ?" ಅಂತ ಅವಳಿಗೆ ಸಂಕಟ.

ಹೋದ ವಾರ ಸಾಹೇಬರು ಕರೆದರು. ಗುಡ್ಡದ ಮೇಲೆ ಸುರಂಗದ ಕೆಲಸ, ಕೆಂಪು ಜಂಬಿಟ್ಟಿಗೆ ನೆಲ. "ನಿಮ್ಮಷ್ಟು ಗೊತ್ತಿರೋರು ಇಲ್ಲ ಮೇಡಂ" ಅಂದರು. ಸುಳ್ಳು ಹೇಳುವುದಿಲ್ಲ ಅಕ್ಕಾ, ಒಳಗೆ ಏನೋ ಎದ್ದು ನಿಂತಿತು. ಮನೆಗೆ ಬಂದು ಅಟ್ಟದಿಂದ ಬೂಟು ಇಳಿಸಿದೆ, ಸುಮ್ಮನೆ ಒರೆಸೋಣ ಅಂತ. ಕಡ್ಡಿ ಬಾಗಿಲಲ್ಲಿ ನಿಂತು ನೋಡಿದಳು. ಅಳಲಿಲ್ಲ. ಒಳಗೆ ಹೋಗಿ ಗೋಣಿಚೀಲ ತಂದು ನಿಂಬೆಯ ಪಕ್ಕ ಹಾಸಿ, "ಹೆಂಟೆ ಸಮೇತ ಎತ್ಬೇಕು ಅಮ್ಮ. ನೀನು ಒಂದ್ ಕಡೆ ಹಿಡ್ಕೋ" ಅಂದಳು.

ಬೂಟನ್ನು ಲ್ಯಾಬಿನ ಹೊಸ ಹುಡುಗಿಗೆ ಕೊಟ್ಟೆ. ಅವಳೇ ಗುಡ್ಡಕ್ಕೆ ಹೋಗುತ್ತಾಳೆ. ನನ್ನ ಕಾಲು ಈಗಲೂ ತುರಿಸುತ್ತದೆ. ಸಂಜೆ ಹಿತ್ತಲಲ್ಲಿ ಆ ತುದಿಯಿಂದ ಈ ತುದಿಗೆ ತಿರುಗುತ್ತೇನೆ, ಪಕ್ಕದ ಮನೆಯವರು ಏನೋ ಕಳೆದುಹೋಗಿದೆ ಅಂದುಕೊಂಡಿದ್ದಾರೆ. ಬೂಟು ಕೊಟ್ಟ ಮರುದಿನ ನೋಡಿದರೆ ಕಡ್ಡಿಯ ಚೀಲ ಖಾಲಿಯಾಗಿ ಮೊಳೆಗೆ ನೇತಾಡುತ್ತಿತ್ತು.

ನಿಂಬೆಗೆ ಏಳು ಎಲೆ. ಒಂದು ಪೊಟ್ಟಣ ಕಳಿಸಿದ್ದೇನೆ. ಬೈರಿಗೆ ಮುಟ್ಟಿಲ್ಲ, ಕಡ್ಡಿಯ ಕೈಯಿಂದ ತೆಗೆದದ್ದು. ಮೂಸಿ ನೋಡು.

ಬುಗುರಿ

*

ಆಗಸ್ಟ್ 11
ನರ್ಸರಿಯಿಂದ

ಬುಗುರಿ,

ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದು ಒಳ್ಳೆಯದಾಯಿತು. ಬಿಚ್ಚಿದೆ. ವಾಸನೆ ಬಂತು. ನಾರುಬೇರು ಇತ್ತು, ಕೊಳೆತ ಸಿಪ್ಪೆಯ ಚೂರಿತ್ತು, ಒಂದು ಎರೆಹುಳು ಇತ್ತು, ಜೀವಂತ. ಅದನ್ನು ಕಡ್ಡಿಯ ಹಳೆಯ ಬಕೆಟ್ಟಿಗೆ ಬಿಟ್ಟಿದ್ದೇನೆ. ಮಣ್ಣು ಅಂಗೈಯಲ್ಲಿ ಹಿಡಿದರೆ ಉಂಡೆಯಾಗುತ್ತದೆ, ಬೆರಳು ತಾಗಿಸಿದರೆ ಉದುರುತ್ತದೆ. ಇನ್ನೇನು ಬೇಕು? ನಿಂಬೆ ಬರುತ್ತದೆ ಅಂತ ಅವಳಿಗೆ ಹೇಳು. ಪೂರ್ತಿ ನನ್ನ ಮಾತಿನಲ್ಲೇ ಹೇಳು.

ಹುರುಳಿಯನ್ನು ಇನ್ನೊಂದು ಸಲ ಬಿತ್ತಿ. ಬುಡದಲ್ಲಿ ನೀರು ನಿಲ್ಲಿಸಬೇಡಿ. ತಲೆ ಬಾಚುವಾಗ ಎಡಗಡೆ ಸಿಕ್ಕು ಜಾಸ್ತಿ, ಕೆಳಗಿನಿಂದ ಬಿಡಿಸುತ್ತಾ ಬಾ, ಇಲ್ಲದಿದ್ದರೆ ಕಿರುಚುತ್ತಾಳೆ.

ಇಲ್ಲಿ ಎಲ್ಲ ಹಾಗೇ ಇದೆ. ಕಿಟಕಿಯ ಮೇಲೆ ಬಾಟಲಿಗಳ ಸಾಲೂ ಹಾಗೇ ಇದೆ. ಅವಳು ಹೋದ ಮೇಲೆ ಒಂದೊಂದಾಗಿ ತಿಳಿಯಾದವು. ಕೊನೆಗೆ ನಿನ್ನ ಆ ಹಳದಿ ಮಣ್ಣೂ ಕೂತು, ಮೇಲೆ ಕನ್ನಡಿಯಂಥ ನೀರು ನಿಂತಿತು. ಯಾರೂ ಮುಟ್ಟುವವರಿಲ್ಲ. ಹಾಗೆ ತಿಳಿಯಾಗಲಿ ಅಂತ ಆರು ವರ್ಷ ಬೈದವಳು ನಾನೇ.

ಹೋದ ಮಂಗಳವಾರ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಹೋಗಿ ಎಲ್ಲ ಬಾಟಲಿಗಳನ್ನೂ ಅಲ್ಲಾಡಿಸಿಬಿಟ್ಟೆ. ಅಲ್ಲಿ ಗಾಳಿ ಬೀಸಿತೇ? ಕಡ್ಡಿಯನ್ನು ಕೇಳಿ ಬರೆ.

ಅಕ್ಕ